ಜೋಡಿ ಮರಿಗಳನ್ನು ಬೇರೆ ಬೇರೆಯಾಗಿ ಬೆಳೆಸಿ

ಯುಗಾದಿ ಕಳೆದು ಒಂದು ವಾರವಾಗಿತ್ತು. ನಂಜನಗೂಡಿನ ಕಡೆ ತೋಟ ನೋಡಲು ಹೋಗಿದ್ದ ಮಗಳು ಸಂಜೆ ಕಾರಿನ ಹಿಂದಿನ ಸೀಟಿಗೆ ಗೋಣಿಚೀಲ ಹಾಸಿ ಎರಡು ನಾಯಿಮರಿಗಳನ್ನು ಕರೆತಂದಳು. ಒಂದೇ ಸೂಲಿನ ಅಣ್ಣ ತಂಗಿ, ನಾಲ್ಕು ತಿಂಗಳು ತುಂಬಿದ್ದವು. ಪಂಪ್‌ಸೆಟ್ ಮನೆಯ ಪಕ್ಕದಲ್ಲಿ ಹುಟ್ಟಿ ಬೇಲಿಸಾಲಿನಲ್ಲಿ ಬೆಳೆದ ಅವಕ್ಕೆ ಹೊಸ್ತಿಲು ಎಂದರೇನು ಎಂಬುದೇ ಗೊತ್ತಿರಲಿಲ್ಲ. ಮೈಸೂರಿನ ನಮ್ಮ ನಡುಮನೆಗೆ ಬಂದ ಹತ್ತು ನಿಮಿಷದಲ್ಲಿ ಕೆಂಚ ಸೋಫಾದ ಹಿಂದೆ ಉಚ್ಚೆ ಹೊಯ್ದ. ಕಾಳಿ ಅದನ್ನು ಮೂಸಿ ನೋಡಿ, ಅದೇ ಜಾಗದಲ್ಲಿ ತಾನೂ ಕುಳಿತಳು. ಆ ದಿನ ನಾನು ಅದನ್ನು ಒರೆಸಿದೆನೇ ಹೊರತು ಅದರ ಅರ್ಥವನ್ನು ಗಮನಿಸಲಿಲ್ಲ. ಜೋಡಿ ಮರಿಗಳ ಕಷ್ಟವೆಲ್ಲ ಅಷ್ಟರಲ್ಲೇ ಇತ್ತು: ಅವು ನಮ್ಮನ್ನು ನೋಡಿ ಕಲಿಯುವುದಕ್ಕಿಂತ ಮೊದಲು ಒಂದನ್ನೊಂದು ನೋಡಿ ಕಲಿಯುತ್ತವೆ.

ಎರಡಿದ್ದರೆ ಒಂದಕ್ಕೊಂದು ಜೊತೆಯಾಗುತ್ತದೆ, ನಮಗೆ ಕೆಲಸ ಕಡಿಮೆ ಎಂದು ಹೇಳುವವರು ಬಹಳ. ನಲವತ್ತು ವರ್ಷದಿಂದ ನಾಯಿ ಸಾಕಿದ ನಾನೂ ಹಾಗೆಯೇ ಅಂದುಕೊಂಡಿದ್ದೆ, ಏಕೆಂದರೆ ಅಷ್ಟೂ ವರ್ಷ ಸಾಕಿದ್ದು ಒಂದೊಂದನ್ನೇ. ಎರಡು ಮರಿಗಳನ್ನು ಹಗಲೂ ರಾತ್ರಿ ಒಟ್ಟಿಗೆ ಬಿಟ್ಟರೆ ಅವು ಒಂದರ ಮೇಲೊಂದು ಎಷ್ಟು ಆತುಕೊಳ್ಳುತ್ತವೆಂದರೆ, ಮನೆಯವರ ಮಾತು ಅವುಗಳ ಕಿವಿಗೆ ಬೀಳುವುದಿಲ್ಲ. ಒಂದು ಕಣ್ಮರೆಯಾದರೆ ಇನ್ನೊಂದು ಊಳಿಡುತ್ತದೆ. ದೊಡ್ಡವಾದ ಮೇಲೆ ಜಗಳಕ್ಕೂ ನಿಲ್ಲಬಹುದು. ಆದ್ದರಿಂದ ಮನೆಯಲ್ಲಿ ಎರಡು ಮರಿಗಳಿದ್ದರೆ, ಒಂದೊಂದನ್ನೂ ಅದೊಂದೇ ಮರಿ ಎನ್ನುವಂತೆ ಬೆಳೆಸಬೇಕು. ಶ್ರಮ ಎರಡರಷ್ಟು, ನಿಜ. ಆ ಶ್ರಮಕ್ಕೆ ಮನೆಯಲ್ಲಿ ಜನವಿಲ್ಲದಿದ್ದರೆ ಒಂದು ಮರಿಯನ್ನು ಒಳ್ಳೆಯ ಮನೆ ನೋಡಿ ಕೊಡುವುದೇ ಮೇಲು. ಇದನ್ನು ನಾನು ಬೇಸರದಿಂದ ಹೇಳುತ್ತಿಲ್ಲ, ಮರಿಗಳ ಹಿತಕ್ಕಾಗಿ ಹೇಳುತ್ತಿದ್ದೇನೆ.

ಪಾಠಕ್ಕಿಂತ ಮೊದಲು ಪಶುವೈದ್ಯರ ಬಳಿ ಹೋಗಿ. ತೋಟದಿಂದಲೋ ಬೀದಿಯಿಂದಲೋ ಬಂದ ಮರಿಯ ಹೊಟ್ಟೆಯಲ್ಲಿ ಜಂತುಹುಳು ಇದ್ದೇ ಇರುತ್ತದೆ ಎಂದುಕೊಳ್ಳಿ. ಹೊಟ್ಟೆ ಕೆಟ್ಟಿರುವ ಮರಿಗೆ ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ನಮ್ಮವಕ್ಕೆ ಹುಳದ ಔಷಧಿ ಹಾಕಿ, ಪಾರ್ವೊ, ಡಿಸ್ಟೆಂಪರ್ ಎಂಬ ಸೋಂಕು ರೋಗಗಳನ್ನು ತಡೆಯುವ ಲಸಿಕೆ ಮತ್ತು ಹುಚ್ಚುನಾಯಿ ರೋಗದ ಲಸಿಕೆ ಕೊಟ್ಟರು. ಕೆಲವು ವಾರ ಬಿಟ್ಟು ಇನ್ನೊಂದು ಸುತ್ತು ಹಾಕಿಸಬೇಕಾಯಿತು. ಲಸಿಕೆಯ ಸುತ್ತು ಮುಗಿಯುವವರೆಗೆ ಬೇರೆ ನಾಯಿಗಳು ಓಡಾಡುವ ಬೀದಿಗೆ ಇಳಿಸದೆ ಹಿತ್ತಿಲಲ್ಲೇ ಇರಿಸಿಕೊಂಡೆವು. ಮರಿ ವಾಂತಿ ಮಾಡಿಕೊಂಡು ರಕ್ತಭೇದಿ ಆದರೆ ನಾಳೆ ನೋಡೋಣ ಎನ್ನಬೇಡಿ, ಅದೇ ದಿನ ವೈದ್ಯರ ಬಳಿಗೆ ಒಯ್ಯಿರಿ. ಆಟದಲ್ಲಿ ಹಲ್ಲು ತಾಗಿ ನಿಮ್ಮ ಚರ್ಮ ಒಡೆದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಆಸ್ಪತ್ರೆಗೆ ಹೋಗಿ. ಮರಿ ಚಿಕ್ಕದು ಎಂದು ಉಪೇಕ್ಷೆ ಮಾಡುವುದು ಬೇಡ.

ಇನ್ನು ಮುಖ್ಯ ವಿಷಯ. ಮರಿ ಎಷ್ಟು ತಿಂಗಳದ್ದೋ ಹೆಚ್ಚೆಂದರೆ ಸುಮಾರು ಅಷ್ಟು ಗಂಟೆ ತಡೆದುಕೊಳ್ಳಬಲ್ಲದು. ಅದೂ ಮಲಗಿರುವಾಗ. ಎಚ್ಚರವಿದ್ದು ಕುಣಿಯುತ್ತಿರುವ ಮರಿಗೆ ಒಂದು ಗಂಟೆಯೂ ಹೆಚ್ಚಾಗಬಹುದು. ನಿದ್ದೆಯಿಂದ ಎದ್ದ ಕೂಡಲೇ, ಊಟವಾಗಿ ಕಾಲು ಗಂಟೆಗೆ, ಆಟ ನಿಂತ ತಕ್ಷಣ, ಮನೆಗೆ ಯಾರಾದರೂ ಬಂದ ಸಂಭ್ರಮ ಮುಗಿದ ಮೇಲೆ, ಇಷ್ಟು ಹೊತ್ತಿನಲ್ಲೂ ಹೊರಗೆ ಕರೆದೊಯ್ಯಬೇಕು. ಮರಿ ಕೇಳುವವರೆಗೆ ಕಾಯಬಾರದು, ಅದಕ್ಕೆ ಕೇಳಲು ಇನ್ನೂ ಬರುವುದಿಲ್ಲ. ನೆಲ ಮೂಸುತ್ತ ಸುತ್ತು ಹಾಕುವುದು, ಆಟದ ನಡುವೆ ಥಟ್ಟನೆ ಮೂಲೆಗೆ ನಡೆಯುವುದು, ಪರದೆಯ ಹಿಂದೆ ಸರಿಯುವುದು ಕಂಡಿತೆಂದರೆ ಕೈಯಲ್ಲಿದ್ದ ಸೌಟನ್ನು ಅಲ್ಲೇ ಇಟ್ಟು ಏಳಬೇಕು. ಮೊದಲ ತಿಂಗಳು ನಾನು ರಾತ್ರಿ ಹತ್ತೂವರೆಗೆ ಕೊನೆಯ ಬಾರಿ, ನಡುರಾತ್ರಿ ಎರಡೂವರೆಗೆ ಅಲಾರಂ ಇಟ್ಟುಕೊಂಡು ಒಮ್ಮೆ, ಬೆಳಿಗ್ಗೆ ಐದೂವರೆಗೆ ಮತ್ತೊಮ್ಮೆ ಹೊರಗೆ ಬಿಟ್ಟೆ. ನಡುರಾತ್ರಿ ಮಾತಿಲ್ಲ, ಮುದ್ದಿಲ್ಲ, ದೊಡ್ಡ ದೀಪವಿಲ್ಲ. ಕೆಲಸ ಮುಗಿಸಿ ಬಂದು ಮಲಗುವುದಷ್ಟೆ.

ಹೋಗುವ ಬಾಗಿಲು ಒಂದೇ ಇರಲಿ, ಜಾಗ ಒಂದೇ ಇರಲಿ, ಮನೆಯವರೆಲ್ಲ ಆಡುವ ಮಾತೂ ಒಂದೇ ಇರಲಿ. ನಮ್ಮಲ್ಲಿ ಕರಿಬೇವಿನ ಗಿಡದ ಆಚೆಯ ಮಣ್ಣು, ಮಾತು ‘ಸುಸ್ಸು’. ಹೊಯ್ದು ಮುಗಿಸಿದ ಆ ಕ್ಷಣದಲ್ಲೇ, ಅಲ್ಲೇ ನಿಂತು, ಬೇಯಿಸಿದ ಮೊಟ್ಟೆಯ ಒಂದು ಚೂರು ಕೊಡಬೇಕು. ಒಳಗೆ ಬಂದು ಡಬ್ಬಿ ತೆಗೆದು ಕೊಟ್ಟರೆ, ಒಳಗೆ ಬಂದಿದ್ದಕ್ಕೆ ತಿಂಡಿ ಸಿಕ್ಕಿತು ಎಂದು ಮರಿ ತಿಳಿಯುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಕೆಲಸವಾದ ತಕ್ಷಣ ಒಳಗೆ ಎಳೆದು ತರಬೇಡಿ, ಐದು ನಿಮಿಷ ಆಡಲು ಬಿಡಿ. ಇಲ್ಲವಾದರೆ ಉಚ್ಚೆ ಹೊಯ್ದರೆ ತಿರುಗಾಟ ಮುಗಿಯಿತು ಎಂದು ಲೆಕ್ಕ ಹಾಕಿ, ಜಾಣ ಮರಿಗಳು ಬೇಕೆಂದೇ ತಡಮಾಡುತ್ತವೆ.

ಎರಡನ್ನೂ ಒಟ್ಟಿಗೆ ಹಿತ್ತಿಲಿಗೆ ಬಿಟ್ಟು ಬಾಗಿಲಲ್ಲಿ ನಿಲ್ಲುವುದು ನಾನು ಮಾಡಿದ ದೊಡ್ಡ ತಪ್ಪು. ಅವು ಒಂದರ ಬಾಲ ಒಂದು ಹಿಡಿದು ಇಪ್ಪತ್ತು ನಿಮಿಷ ಓಡಿದವು, ಬಂದ ಕೆಲಸವನ್ನೇ ಮರೆತವು, ಒಳಗೆ ಬಂದು ಕಾಲೊರೆಸಿನ ಮೇಲೆ ಹೊಯ್ದವು. ಹೊರಗೆ ಅರ್ಧ ಗಂಟೆ ಇದ್ದರೂ ಒಳಗೆ ಬಂದು ಗಲೀಜು ಮಾಡುತ್ತವೆ ಎಂದು ದೂರುವವರ ಮನೆಯಲ್ಲಿ ಬಹುಪಾಲು ನಡೆಯುವುದು ಇದೇ. ಒಂದೊಂದನ್ನೇ ಕೊರಳಪಟ್ಟಿಗೆ ಹಗ್ಗ ಕಟ್ಟಿ ಕರೆದೊಯ್ಯಿರಿ. ಅದು ಮುಗಿಸಿದ ಮೇಲೆ ಇನ್ನೊಂದು, ಎರಡೂ ಮುಗಿಸಿದ ಮೇಲೆ ಬಿಚ್ಚಿ ಆಟ. ಯಾವುದು ಹೊಯ್ದಿದೆ, ಯಾವುದು ಬಾಕಿ ಎಂಬ ಲೆಕ್ಕವೂ ಆಗ ತಪ್ಪುವುದಿಲ್ಲ. ನಾನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಕೆಂಚನಿಗೊಂದು ಗೆರೆ, ಕಾಳಿಗೊಂದು ಚುಕ್ಕಿ ಹಾಕುತ್ತಿದ್ದೆ. ಹತ್ತೇ ದಿನದಲ್ಲಿ ಇಬ್ಬರ ಹೊತ್ತೂ ಬೇರೆ ಬೇರೆ ಎಂದು ತಿಳಿಯಿತು. ಕಾಳಿಗೆ ಊಟವಾದ ಹತ್ತು ನಿಮಿಷಕ್ಕೇ ಕಕ್ಕ, ಕೆಂಚನಿಗೆ ಮುಕ್ಕಾಲು ಗಂಟೆ ಬೇಕು. ಒಂದೇ ಸೂಲಿನವಾದರೂ ಹೊಟ್ಟೆ ಒಂದೇ ಅಲ್ಲವಲ್ಲ.

ಒಳಗಿರುವಾಗ ಮನೆಯಿಡೀ ಓಡಾಡಲು ಬಿಡಬಾರದು. ನಾನು ಒಂದರ ಹಗ್ಗವನ್ನು ಕುಳಿತ ಕುರ್ಚಿಯ ಕಾಲಿಗೆ ಕಟ್ಟಿಕೊಂಡು ಹುರುಳಿಕಾಯಿ ಬಿಡಿಸುತ್ತಿದ್ದೆ. ಇನ್ನೊಂದು ಹಲಗೆ ಅಡ್ಡವಿಟ್ಟ ಪಡಸಾಲೆಯ ಮೂಲೆಯಲ್ಲಿ, ತನ್ನ ಚಾಪೆಯ ಮೇಲೆ. ಒಂದು ಗಂಟೆಗೊಮ್ಮೆ ಅದಲುಬದಲು. ತಾನು ಮಲಗುವ ಜಾಗವನ್ನು ಗಲೀಜು ಮಾಡಿಕೊಳ್ಳಲು ಮರಿಗೆ ಇಷ್ಟವಿರುವುದಿಲ್ಲ, ಆದ್ದರಿಂದ ಆ ಮೂಲೆ ಸುತ್ತಿ ತಿರುಗಿ ಮಲಗಲು ಬೇಕಾದಷ್ಟಿದ್ದರೆ ಸಾಕು. ಆದರೆ ಅದನ್ನು ಜೈಲು ಮಾಡಬೇಡಿ. ಅಲ್ಲೇ ಊಟ ಕೊಡಿ, ಅಲ್ಲೇ ಆಟಿಕೆ ಇಡಿ, ಕಣ್ಣಿಗೆ ಕಾಣುವ ಹಾಗೆ ನೀವೂ ಹತ್ತಿರ ಕುಳಿತುಕೊಳ್ಳಿ.

ಒಳಗೆ ಹೊಯ್ದದ್ದು ಕಂಡರೆ ಮರಿಯ ಮೂತಿಯನ್ನು ಅದಕ್ಕೆ ತಿಕ್ಕುವುದು, ಪೇಪರ್ ಸುರುಳಿಯಲ್ಲಿ ಹೊಡೆಯುವುದು ಇವತ್ತಿಗೂ ಎಷ್ಟೋ ಮನೆಗಳಲ್ಲಿ ಇದೆ. ದಯವಿಟ್ಟು ಬಿಡಿ. ಅದರಿಂದ ಮರಿ ಕಲಿಯುವ ಪಾಠ ಒಂದೇ: ಇವರ ಕಣ್ಣೆದುರು ಹೊಯ್ದರೆ ಏಟು ಬೀಳುತ್ತದೆ. ಆಮೇಲೆ ಅದು ಮಂಚದ ಕೆಳಗೆ, ಬೀರುವಿನ ಸಂದಿಯಲ್ಲಿ ಹೊಯ್ಯುತ್ತದೆ. ಹಿತ್ತಿಲಲ್ಲಿ ನೀವು ಪಕ್ಕದಲ್ಲಿ ನಿಂತಿದ್ದರೆ ಹೆದರಿ ಹೊಯ್ಯುವುದೇ ಇಲ್ಲ. ಹೊಯ್ಯುತ್ತಿರುವಾಗಲೇ ಕಂಡರೆ ಒಮ್ಮೆ ಚಪ್ಪಾಳೆ ತಟ್ಟಿ, ಎತ್ತಿಕೊಂಡು ಹೊರಗೆ ನಡೆಯಿರಿ. ಆಗಿಹೋದ ಮೇಲೆ ಕಂಡರೆ ಸುಮ್ಮನೆ ಒರೆಸಿ. ಜೋಡಿ ಮರಿಗಳಲ್ಲಂತೂ ಮಾಡಿದ್ದು ಒಂದು, ಬೈಸಿಕೊಂಡದ್ದು ಇನ್ನೊಂದು ಆಗಿಬಿಡುತ್ತದೆ, ಆ ಅನ್ಯಾಯ ನನಗೆ ಸಹಿಸಲು ಆಗುವುದಿಲ್ಲ. ನೀವು ಬಗ್ಗಿ ಮಾತಾಡಿಸಿದಾಗ ಕಿವಿ ಹಿಂದಕ್ಕೆ ಮಾಡಿ, ಮುದುಡಿ, ಎರಡು ಹನಿ ಬಿಡುವ ಮರಿಯನ್ನು ಗದರಲೇಬಾರದು. ಅದು ಭಯಭಕ್ತಿಯ ಹನಿ. ಕಾಳಿಗೆ ಹಾಗಿತ್ತು. ಮೇಲಿನಿಂದ ಬಗ್ಗದೆ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು, ಗದ್ದದ ಕೆಳಗೆ ಸವರುತ್ತಿದ್ದೆವು. ಆರು ವಾರದಲ್ಲಿ ತಾನಾಗಿ ನಿಂತಿತು.

ಒರೆಸುವುದರಲ್ಲೂ ಕ್ರಮವಿದೆ. ನಮ್ಮ ಕೈ ಮೊದಲು ಹೋಗುವುದು ಫಿನಾಯಿಲ್ ಕಡೆಗೆ. ಅದರ ವಾಸನೆ ನಮ್ಮ ಮೂಗಿಗೆ ಉಚ್ಚೆಯನ್ನು ಮುಚ್ಚುತ್ತದೆ, ನಾಯಿಯ ಮೂಗಿಗೆ ಮುಚ್ಚುವುದಿಲ್ಲ. ಜೊತೆಗೆ ಒದ್ದೆ ನೆಲ ತುಳಿದ ಪಾದವನ್ನು ಮರಿ ನೆಕ್ಕಿದರೆ ಅದು ವಿಷ. ಅಮೋನಿಯ ಇರುವ ದ್ರವವೂ ಬೇಡ, ಅದಕ್ಕೆ ಉಚ್ಚೆಯ ವಾಸನೆಯೇ ಇದೆ. ಮೊದಲು ಹಳೆಯ ಬಟ್ಟೆಯಲ್ಲಿ ಒತ್ತಿ ಹೀರಿಸಿ. ಟೈಲ್ಸ್ ನೆಲವಾದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ಮಾರ್ಬಲ್, ಮೊಸಾಯಿಕ್, ಹಳೆಯ ಕಾಲದ ಕೆಂಪು ನೆಲ ಇದ್ದವರು ವಿನೆಗರ್ ತಾಗಿಸಬೇಡಿ, ಹೊಳಪು ಹೋಗುತ್ತದೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಉಚ್ಚೆಯ ಕಲೆಗೆಂದೇ ಕಿಣ್ವ (ಎಂಜೈಮ್) ಇರುವ ದ್ರವ ಸಿಗುತ್ತದೆ. ಅದನ್ನು ಸುರಿದು ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿದರೆ ವಾಸನೆಯ ಬೇರೇ ಹೋಗುತ್ತದೆ. ಕಾಲೊರೆಸುಗಳನ್ನು ಎರಡು ತಿಂಗಳು ಎತ್ತಿಡಿ, ಮರಿಗೆ ಮೆತ್ತಗಿನ ಬಟ್ಟೆಗೂ ಹುಲ್ಲಿಗೂ ವ್ಯತ್ಯಾಸ ತಿಳಿಯದು.

ಊಟ ಹೊತ್ತಿಗೆ ಸರಿಯಾಗಿ ಆದರೆ ಕಕ್ಕವೂ ಹೊತ್ತಿಗೆ ಸರಿಯಾಗಿ ಆಗುತ್ತದೆ. ಆರು ತಿಂಗಳವರೆಗೆ ದಿನಕ್ಕೆ ಮೂರು ಬಾರಿ, ಆಮೇಲೆ ಎರಡು ಬಾರಿ. ತಟ್ಟೆಗಳು ಬೇರೆ ಬೇರೆ ಕೋಣೆಯಲ್ಲಿರಲಿ, ಇಪ್ಪತ್ತು ನಿಮಿಷದಲ್ಲಿ ಎತ್ತಿಬಿಡಿ. ಬರೀ ಹಾಲು ಅನ್ನ ಹಾಕುವವರೇ ಹೆಚ್ಚು. ಹಸುವಿನ ಹಾಲು ಎಷ್ಟೋ ಮರಿಗಳಿಗೆ ಒಗ್ಗದೆ ಭೇದಿಯಾಗುತ್ತದೆ, ಆ ಮೇಲೆ ಬೈಗುಳ ಮರಿಗೆ. ಅನ್ನವೋ ಮುದ್ದೆಯೋ ಇದ್ದರೂ ಜೊತೆಗೆ ಮೊಟ್ಟೆ ಅಥವಾ ಮೂಳೆ ತೆಗೆದ ಕೋಳಿ ಬೇಕು, ಬೆಳೆಯುವ ಮೈಗೆ ಅಕ್ಕಿ ರಾಗಿ ಮಾತ್ರ ಸಾಲದು. ಉಳಿದ ಹುಳಿಯನ್ನು ಹಾಕಬೇಡಿ, ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ಆಗದು. ಹಬ್ಬದ ದಿನ ಪಾಯಸವನ್ನಂತೂ ಕೊಡಲೇಬೇಡಿ, ಅದರಲ್ಲಿನ ಒಣದ್ರಾಕ್ಷಿ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ನೀರನ್ನು ಮಾತ್ರ ತಡೆಯಬೇಡಿ. ನಮ್ಮ ಬೇಸಿಗೆಯಲ್ಲಿ ಅದು ಕ್ರೌರ್ಯ. ನಮ್ಮ ಯಜಮಾನರು ಪೇಪರ್ ಓದುತ್ತ ಕುರ್ಚಿಯ ಕೆಳಗೆ ಬಿಸ್ಕತ್ತು ಹಾಕುವ ಅಭ್ಯಾಸ ನಿಲ್ಲಿಸಿದ ವಾರವೇ ಕೆಂಚನ ಹೊಟ್ಟೆ ಸರಿಹೋಯಿತು.

ರಾತ್ರಿ ಮಲಗಿಸುವುದು ಬೇರೆ ಬೇರೆ ಜಾಗದಲ್ಲಿ. ಒಂದೇ ದಿನಕ್ಕೆ ಕೀಳಬೇಡಿ. ನಾವು ಎರಡು ಚಾಪೆಗಳನ್ನು ಪಕ್ಕದಲ್ಲಿಟ್ಟು, ದಿನಕ್ಕೆ ಒಂದು ಗೇಣಿನಂತೆ ದೂರ ಸರಿಸುತ್ತ ಹೋದೆವು. ಮೂರು ವಾರಕ್ಕೆ ಒಂದು ನಡುಮನೆಯಲ್ಲಿ, ಒಂದು ನನ್ನ ಮಂಚದ ಬಳಿ ಮಲಗತೊಡಗಿದವು. ದಿನಕ್ಕೊಮ್ಮೆಯಾದರೂ ಒಂದನ್ನೇ ನಡೆದಾಡಿಸಿ. ಹೆಸರು ಹಿಡಿದು ಕರೆದು, ಬಂದಾಗ ಅದಕ್ಕೆ ಮಾತ್ರ ತಿಂಡಿ ಕೊಡಿ. ಎರಡರ ಹೆಸರನ್ನೂ ಒಂದೇ ಉಸಿರಿನಲ್ಲಿ ಕೂಗುತ್ತಿದ್ದರೆ ಯಾವುದಕ್ಕೂ ತನ್ನ ಹೆಸರು ತಿಳಿಯುವುದಿಲ್ಲ. ಮೊಮ್ಮಗ ಇದನ್ನು ನನಗಿಂತ ಚೆನ್ನಾಗಿ ಮಾಡಿದ.

ನಾಲ್ಕರಿಂದ ಆರು ತಿಂಗಳಲ್ಲಿ ಹಾಲುಹಲ್ಲು ಉದುರಿ ಹೊಸ ಹಲ್ಲು ಬರುತ್ತದೆ, ಒಸಡು ಕಡಿಯುತ್ತದೆ. ಚಪ್ಪಲಿ ಗೂಡಿಗೆ ಬಾಗಿಲು ಹಾಕಿಸಿ. ಒದ್ದೆ ಟವೆಲನ್ನು ಹುರಿಮಾಡಿ ಫ್ರೀಜರಿನಲ್ಲಿಟ್ಟು ಕಡಿಯಲು ಕೊಡಿ, ಕಣ್ಣೆದುರಿನಲ್ಲೇ. ಮಾವಿನ ಕಾಲದಲ್ಲಿ ಓಟೆಗಳನ್ನು ಮುಚ್ಚಳವಿರುವ ಬುಟ್ಟಿಗೆ ಹಾಕಿ. ನುಂಗಿದ ಓಟೆ ಕರುಳಿಗೆ ಸಿಕ್ಕಿ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು.

ಗಂಡು ಹೆಣ್ಣು ಜೊತೆಯಿದ್ದರೆ ಆರು ತಿಂಗಳು ತುಂಬುವ ಮೊದಲೇ ಸಂತಾನಹರಣದ ಶಸ್ತ್ರಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕೇಳಿ ದಿನ ಗೊತ್ತುಮಾಡಿಕೊಳ್ಳಿ. ಅವು ಅಣ್ಣ ತಂಗಿ ಎಂಬುದು ನಮಗೆ ಗೊತ್ತು, ಅವಕ್ಕೆ ಗೊತ್ತಿಲ್ಲ. ಆ ವಯಸ್ಸಿನಲ್ಲೇ ಗಂಡು ಕಾಲೆತ್ತಿ ಬಾಗಿಲ ಚೌಕಟ್ಟಿಗೆ ಹೊಯ್ಯಲು ತೊಡಗುತ್ತದೆ, ಕಲಿತದ್ದೆಲ್ಲ ಮರೆತಂತೆ ಕಾಣುತ್ತದೆ. ಮತ್ತೆ ಹದಿನೈದು ದಿನ ಹಗ್ಗ, ಹೊತ್ತು, ಮೊಟ್ಟೆಯ ಚೂರು. ಚೆನ್ನಾಗಿ ಕಲಿತ ಮರಿ ಇದ್ದಕ್ಕಿದ್ದಂತೆ ಪದೇ ಪದೇ ಹನಿಹನಿಯಾಗಿ ಹೊಯ್ದರೆ ಮಾತ್ರ ಅದು ಹಟವಲ್ಲ, ಸೋಂಕು ಇರಬಹುದು, ತೋರಿಸಿ.

ಜ್ಯೇಷ್ಠದ ಮಳೆ ಹಿಡಿದಾಗ ಎರಡೂ ಹೊಸ್ತಿಲ ಮೇಲೆ ನಿಂತು ಹಿಂದಕ್ಕೆ ಹೆಜ್ಜೆಯಿಟ್ಟವು. ಹಿತ್ತಿಲ ತಗಡಿನ ಸೂರಿನ ಕೆಳಗೆ ನಾಲ್ಕು ಬಾಂಡಲಿ ಮಣ್ಣು ಸುರಿಸಿ ಅಲ್ಲಿಗೇ ಕರೆದೊಯ್ದೆ. ಕಾಳಿ ಎರಡು ದಿನಕ್ಕೆ ಒಪ್ಪಿಕೊಂಡಳು. ಈಗ ಅವಳು ರಾತ್ರಿ ಬೇಕಾದರೆ ಹಿತ್ತಿಲ ಬಾಗಿಲನ್ನು ಒಮ್ಮೆ ಕೆರೆದು ನನ್ನ ಮಂಚದ ಬಳಿ ಬಂದು ನಿಲ್ಲುತ್ತಾಳೆ. ಕೆಂಚನಿಗೆ ಆ ಮಣ್ಣು ಇವತ್ತಿಗೂ ಒಪ್ಪಿಗೆಯಿಲ್ಲ. ಅವನಿಗೆ ಕರಿಬೇವಿನ ಗಿಡವೇ ಆಗಬೇಕು, ಮಳೆಯಿದ್ದರೆ ಪಕ್ಕದಲ್ಲಿ ನಾನು ಕೊಡೆ ಹಿಡಿದು ನಿಲ್ಲುತ್ತೇನೆ.