ಹಳೆ ಟರ್ಬೋ ಕೊಳ್ಳೋಕೆ ಹೋದರೆ ಮೊದಲು ಎಣ್ಣೆ ತೂತು ನೋಡಿ

ನನ್ನದು 2013ರ ಸ್ವಿಫ್ಟ್ ಡಿಸೈರ್ ಡೀಸೆಲ್. ಮಂಗಳೂರಿಂದ ಹಾಸನಕ್ಕೆ ವಾಪಸ್ ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆ, ಪಿಕಪ್ ಇದ್ದಕ್ಕಿದ್ದಂತೆ ಹೋಯ್ತು. ಎರಡನೇ ಗೇರಲ್ಲಿ ಪೂರ್ತಿ ಒತ್ತಿದರೂ ಗಾಡಿ ಏಳುತ್ತಿಲ್ಲ, ಹಿಂದೆ ನೀಲಿ ಹೊಗೆ, ಬಾನೆಟ್ ಒಳಗಿಂದ ಸೀಟಿ ಹೊಡೆದ ಹಾಗೆ ಶಬ್ದ. ಮಾರನಹಳ್ಳಿಯಲ್ಲಿ ನಿಲ್ಲಿಸಿ ಇಂಜಿನ್‌ಗೆ ಹೋಗುವ ಗಾಳಿಯನ್ನ ತಣ್ಣಗೆ ಮಾಡುವ ಇಂಟರ್‌ಕೂಲರ್ ಕಡೆ ಹೋಗುವ ಹೋಸ್ ಬಿಚ್ಚಿದೆ. ಒಳಗೆ ಎಣ್ಣೆ ಮಡುಗಟ್ಟಿ ನಿಂತಿತ್ತು. ಇಂಥ ಹೊತ್ತಲ್ಲಿ ದಯವಿಟ್ಟು ಗಾಡಿ ಓಡಿಸಬೇಡಿ. ಡೀಸೆಲ್ ಇಂಜಿನ್ ಆ ಎಣ್ಣೆಯನ್ನೇ ಎಳೆದುಕೊಂಡು ಉರಿಸಿ, ಕೀ ತೆಗೆದರೂ ನಿಲ್ಲದೆ ರೇಸ್ ಆಗಿಬಿಡಬಹುದು. ನಾನು ಟೋ ಮಾಡಿಸಿಕೊಂಡು ಬಂದೆ.

ಹೋಗಿದ್ದು ಟರ್ಬೋ, ಅಂದರೆ ಇಂಜಿನ್ ಬಿಡುವ ಹೊಗೆಯ ರಭಸಕ್ಕೆ ಸುತ್ತಿ ಇಂಜಿನ್‌ಗೆ ಜಾಸ್ತಿ ಗಾಳಿ ತುಂಬುವ ಜೋಡಿ ಫ್ಯಾನ್. ಹೊಸದು ಹಾಕಿಸುವಷ್ಟು ದುಡ್ಡು ಆಗ ಕೈಯಲ್ಲಿ ಇರಲಿಲ್ಲ. ಒಂದು ಅಂಗಡಿಯಲ್ಲಿ ಹಳೇದು ಸಿಕ್ಕಿತು. ತೊಳೆದು ಸಿಲ್ವರ್ ಪೇಂಟ್ ಹೊಡೆದಿದ್ದರು. ಫ್ಯಾನ್ ಬ್ಲೇಡ್ ಎಲ್ಲಾ ಸರಿಯಾಗಿತ್ತು, ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ಸುತ್ತುತ್ತಿತ್ತು. ತಂದು ಹಾಕಿದೆ. ಎರಡೂವರೆ ತಿಂಗಳು ಕೂಡ ಆಗಿರಲಿಲ್ಲ, ಅದೇ ನೀಲಿ ಹೊಗೆ ಮತ್ತೆ ಬಂತು.

ಈ ಸಲ ಬಿಚ್ಚಿದಾಗ ಎಣ್ಣೆ ಒಳಗೆ ಹೋಗುವ ತೂತಿಗೆ ಒಂದು ತಾಮ್ರದ ತಂತಿ ಹಾಕಿ ಕೆರೆದೆ. ಕಾಫಿ ಪುಡಿ ತರ ಕರಿ ಗಸಿ ಉದುರಿತು. ಎಣ್ಣೆ ಹೊರಗೆ ಬೀಳುವ ಕೆಳಗಿನ ತೂತಲ್ಲಿ ಟಾರ್ಚ್ ಬಿಟ್ಟರೆ ಎರಡೂ ಫ್ಯಾನ್ ಜೋಡಿಸಿರುವ ಶಾಫ್ಟ್ ಕಾಣುತ್ತೆ. ಅದು ಸ್ಟೀಲ್ ಬಣ್ಣದಲ್ಲೇ ಇರಲಿಲ್ಲ, ನೀಲಿ ತಿರುಗಿತ್ತು. ಎಣ್ಣೆ ಸಿಗದೆ ಸುಟ್ಟ ಗುರುತು ಅದು. ಆ ಟರ್ಬೋ ನನ್ನ ಕೈಗೆ ಬರುವ ಮೊದಲೇ ಅರ್ಧ ಸತ್ತಿತ್ತು, ನಾನು ಬ್ಲೇಡ್ ನೋಡಿಕೊಂಡು ದುಡ್ಡು ಕೊಟ್ಟಿದ್ದೆ.

ಟರ್ಬೋ ಶಾಫ್ಟ್‌ಗೆ ಚಕ್ರದಲ್ಲಿರುವ ಹಾಗೆ ಬಾಲ್ ಬೇರಿಂಗ್ ಇರೋದು ಕಡಿಮೆ. ಇಂಥ ಸಣ್ಣ ಕಾರುಗಳ ಟರ್ಬೋದಲ್ಲಿ ಬುಷ್ ಅನ್ನೋ ಲೋಹದ ಬಳೆ ಒಳಗೆ ತೆಳು ಎಣ್ಣೆ ಪದರದ ಮೇಲೆ ಶಾಫ್ಟ್ ತೇಲುತ್ತಾ ಇರುತ್ತದೆ, ನಿಮಿಷಕ್ಕೆ 2 ಲಕ್ಷ ಸುತ್ತು ದಾಟುತ್ತದೆ. ಒಂದು ಕಡೆ ಕೆಂಪಗೆ ಕಾಯುವಷ್ಟು ಬಿಸಿ ಹೊಗೆ, ಇನ್ನೊಂದು ಕಡೆ ಹೊರಗಿನ ಗಾಳಿ, ನಡುವೆ ಆ ಎಣ್ಣೆ. ಎಣ್ಣೆ ಸ್ವಲ್ಪ ಹೊತ್ತು ತಪ್ಪಿದರೂ ಬುಷ್ ಸವೆಯುತ್ತೆ. ಬ್ಲೇಡ್ ತೊಳೆದು ಹೊಳೆಯುವಂತೆ ಮಾಡೋದು ಸುಲಭ. ಎಣ್ಣೆ ತೂತಿನ ಒಳಗೆ ಸುಟ್ಟು ಗಟ್ಟಿಯಾದದ್ದನ್ನ ಯಾರೂ ಕೂತು ಕೆರೆಯಲ್ಲ. ಅದಕ್ಕೇ ಈಗ ನಾನು ಅಲ್ಲಿಂದಲೇ ಶುರು ಮಾಡೋದು.

ಎರಡನೇ ಸಲ ಬೆಂಗಳೂರಿಗೆ, ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋದೆ. ಟಾರ್ಚ್, ತಂತಿ, ಒಂದು ಚಿಕ್ಕ ಬಾಟಲಿ ಡೀಸೆಲ್, ಬಟ್ಟೆ, ಸೈಕಲ್ ಪಂಪ್, ಜೊತೆಗೆ ನನ್ನ ಹಳೆ ಟರ್ಬೋ. ಹಳೇದನ್ನ ತಗೊಂಡು ಹೋಗೋದು ಬಹಳ ಮುಖ್ಯ. ಈ 1.3 ಮಲ್ಟಿಜೆಟ್ ಇಂಜಿನ್ ಸ್ವಿಫ್ಟ್, ರಿಟ್ಜ್, ಪುಂಟೋ, ಲಿನಿಯಾ, ಇಂಡಿಕಾ ವಿಸ್ಟಾ ಅಂತ ಎಷ್ಟೋ ಗಾಡಿಗಳಲ್ಲಿ ಬಂದಿದೆ. ಮಾರುತಿಯವರು 2020ರ ಏಪ್ರಿಲ್‌ಗೆ ಡೀಸೆಲ್ ನಿಲ್ಲಿಸಿದರೂ ಗುಜರಿಯಲ್ಲಿ ಇದರ ಸಾಮಾನಿಗೆ ಬರ ಇಲ್ಲ. ಆದರೆ ಡಿಸೈರ್‌ನ 75 ಪಿಎಸ್ ಇಂಜಿನ್‌ಗೆ ಬರೋದು ಸಾದಾ ಟರ್ಬೋ. ಎಸ್‌ಎಕ್ಸ್4ನಂಥ 90 ಪಿಎಸ್ ಗಾಡಿಗೆ ಬರೋದು ಒಳಗೆ ರೆಕ್ಕೆ ತೆರೆದು ಮುಚ್ಚುವ ವಿಜಿಟಿ. "ಎರಡೂ ಒಂದೇ ಇಂಜಿನ್ ಅಣ್ಣಾ, ಕೂರುತ್ತೆ" ಅಂತ ಒಬ್ಬರು ಹೇಳಿದರು. ಆ ಮಾತು ಕೇಳಬೇಡಿ. ಅದನ್ನ ನಡೆಸುವ ವ್ಯವಸ್ಥೆಯೇ ಬೇರೆ. ಟರ್ಬೋ ಮೇಲೆ ಕೊರೆದಿರುವ ನಂಬರನ್ನ ನಿಮ್ಮ ಹಳೇದರ ಜೊತೆ ಅಂಕಿ ಅಂಕಿಯಾಗಿ ಹೋಲಿಸಿ.

ನಾಲ್ಕನೇ ಅಂಗಡಿಯಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ, "ಭಾಯ್, ಈ ಗಾಡಿ ಗುಜರಿಗೆ ಯಾಕೆ ಬಂತು?" ಹಿಂದಿನಿಂದ ಲಾರಿ ಗುದ್ದಿದ್ದು, ಇಂಜಿನ್ ಇನ್ನೂ ಇಲ್ಲೇ ಇದೆ ಅಂದರು. ಇಂಜಿನ್ ಇದ್ದರೆ ಬಿಡಬೇಡಿ. ಡಿಪ್‌ಸ್ಟಿಕ್ ಎಳೆದು ನೋಡಿ, ಎಣ್ಣೆ ಹಾಕುವ ಮುಚ್ಚಳ ತಿರುಗಿಸಿ ಒಳಗೆ ನೋಡಿ. ಟಾರು ತರ ದಪ್ಪ ಅಂಟು ಇದ್ದರೆ ಆ ಟರ್ಬೋ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಇದರಲ್ಲಿ ಎಣ್ಣೆ ಕಪ್ಪಗಿತ್ತು, ಡೀಸೆಲ್ ಗಾಡಿ ಅಂದ ಮೇಲೆ ಕಪ್ಪಗೇ ಇರುತ್ತೆ, ಆದರೆ ಬೆರಳುಗಳ ನಡುವೆ ತೆಳುವಾಗಿ ಜಾರುತ್ತಿತ್ತು. ಎಣ್ಣೆ ತೂತಿಗೆ ತಂತಿ ಹಾಕಿ ತೆಗೆದೆ, ತಂತಿಗೆ ಎಣ್ಣೆ ಮಾತ್ರ ಹತ್ತಿತ್ತು. ಕೆಳಗಿನ ತೂತಲ್ಲಿ ಶಾಫ್ಟ್ ಬೆಳ್ಳಗೆ ಕಂಡಿತು. ಅಷ್ಟಾದ ಮೇಲೇ ಬ್ಲೇಡ್ ಕಡೆ ಹೋದದ್ದು.

ಪ್ಲೇ, ಅಂದರೆ ಶಾಫ್ಟ್ ಅಲುಗಾಟದ ವಿಷಯದಲ್ಲಿ ಜನ ತುಂಬಾ ಗೊಂದಲ ಮಾಡಿಕೊಳ್ಳುತ್ತಾರೆ. ಶಾಫ್ಟ್ ತುದಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಸ್ವಲ್ಪ ಅಲುಗಾಡಬೇಕು, ಅದು ಎಣ್ಣೆ ಪದರಕ್ಕೆ ಬಿಟ್ಟ ಜಾಗ, ಒಣಗಿದ ಟರ್ಬೋದಲ್ಲಿ ಇನ್ನೂ ಜಾಸ್ತಿ ಅನ್ನಿಸುತ್ತೆ. ಅದನ್ನೇ ನೋಡಿ ಹೆದರಿ ಒಳ್ಳೆ ಟರ್ಬೋ ಬಿಟ್ಟು ಬಂದವರಿದ್ದಾರೆ. ನೋಡಬೇಕಾದದ್ದು ಹಿಂದೆ-ಮುಂದೆ ಪ್ಲೇ. ಫ್ಯಾನನ್ನ ಒಳಗೆ ತಳ್ಳಿ, ಹೊರಗೆ ಎಳೆಯಿರಿ. ಸಾಮಾನ್ಯವಾಗಿ ಇರಬಹುದಾದ್ದು ಒಂದು ಹಾಳೆ ಕಾಗದದ ದಪ್ಪದಷ್ಟು, ಅಂದರೆ ಸುಮಾರು 0.1 ಮಿ.ಮೀ., ಅಷ್ಟು ಬೆರಳಿಗೆ ಗೊತ್ತಾಗೋದೇ ಕಷ್ಟ. ಟಕ್ ಟಕ್ ಅಂತ ಕೈಗೆ ಸಿಕ್ಕರೆ ಒಳಗಿನ ಥ್ರಸ್ಟ್ ಬೇರಿಂಗ್ ಸವೆದಿದೆ, ವಾಪಸ್ ಇಟ್ಟುಬಿಡಿ. ಇದನ್ನ ನೋಡುವ ಮುಂಚೆ ಒಳಗೆ ಸ್ವಲ್ಪ ಡೀಸೆಲ್ ಬಿಟ್ಟು ತೊಳೆಯಿರಿ, ಯಾಕೆಂದರೆ ದಪ್ಪ ಎಣ್ಣೆಯೋ ಗ್ರೀಸೋ ತುಂಬಿದ್ದರೆ ಪ್ಲೇ ಮುಚ್ಚಿಹೋಗುತ್ತೆ. ಆಮೇಲೆ ಫ್ಯಾನನ್ನ ಒಂದು ಪಕ್ಕಕ್ಕೆ ಒತ್ತಿ ಹಿಡಿದೇ ಸುತ್ತಿಸಿ. ಎಲ್ಲೂ ಹೌಸಿಂಗ್‌ಗೆ ಕೆರೆಯಬಾರದು. ಎರಡೂ ಕಡೆ ಫ್ಯಾನ್‌ಗೂ ಹೀಗೇ ಮಾಡಿ.

ಬ್ಲೇಡಿನ ಅಂಚಿಗೆ ಉಗುರು ಓಡಿಸಿ. ಏರ್ ಫಿಲ್ಟರ್ ಸರಿ ಇಲ್ಲದೆ ಧೂಳು ಕುಡಿದಿದ್ದರೆ ಗಾಳಿ ಕಡೆಯ ಅಲ್ಯೂಮಿನಿಯಂ ಬ್ಲೇಡಿನ ಅಂಚು ಮರಳು ಕಾಗದ ಉಜ್ಜಿದ ಹಾಗೆ ಒರಟಾಗಿರುತ್ತೆ. ಹೊಗೆ ಕಡೆಯ ಬ್ಲೇಡ್ ನಗ್ಗಿದ್ದರೆ ಇಂಜಿನ್ ಒಳಗಿಂದ ಏನೋ ತುಂಡು ಬಂದು ಹೊಡೆದಿದೆ ಅಂತ ಅರ್ಥ. ಒಂದು ಬ್ಲೇಡ್ ಸೊಟ್ಟಗಾದರೂ ಬ್ಯಾಲೆನ್ಸ್ ಹೋಯ್ತು, ಫೈಲ್ ಹಾಕಿ ಸರಿ ಮಾಡ್ತೀವಿ ಅಂದರೆ ಒಪ್ಪಬೇಡಿ. ಫ್ಯಾನ್ ಮೇಲಿನ ನಟ್ ಸ್ಪ್ಯಾನರ್ ಹಾಕಿ ತಿರುಗಿಸಿದ ಹಾಗೆ ಜಜ್ಜಿದ್ದರೆ ಯಾರೋ ಬಿಚ್ಚಿದ್ದಾರೆ, ಮತ್ತೆ ಬ್ಯಾಲೆನ್ಸ್ ಮಾಡಿಸಿದ್ದಾರೋ ಇಲ್ಲವೋ ಯಾರಿಗೆ ಗೊತ್ತು.

ಗಾಳಿ ಕಡೆ ತೆಳುವಾಗಿ ಎಣ್ಣೆ ಜಿಡ್ಡು ಇದ್ದರೆ ಪರವಾಗಿಲ್ಲ, ಇಂಜಿನ್ ಒಳಗಿನ ಆವಿ ಬಿಡುವ ಬ್ರೀದರ್ ಪೈಪಿಂದ ಅಷ್ಟು ಬರುತ್ತೆ. ಸೈಲೆನ್ಸರ್ ಕಡೆ ಬಾಯಿ ಮಾತ್ರ ಒಣ ಮಸಿ ಆಗಿರಬೇಕು, ಹಸಿ ಎಣ್ಣೆ ಮಿನುಗಬಾರದು. ಕಬ್ಬಿಣದ ಹೌಸಿಂಗಲ್ಲಿ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನ ಫ್ಯಾನ್‌ಗೆ ಹೋಗದಂತೆ ಪಕ್ಕಕ್ಕೆ ಬಿಡುವ ಬಾಗಿಲು) ತೂತಿನ ಹತ್ತಿರ ಕೂದಲೆಳೆಯಂಥ ಬಿರುಕು ಹಳೆ ಟರ್ಬೋದಲ್ಲಿ ಮಾಮೂಲಿ. ಅದು ಹೊರಗಿನ ಗೋಡೆವರೆಗೆ ಬಂದಿದ್ದರೆ, ಇಲ್ಲ ಬೋಲ್ಟ್ ಕೂರುವ ಫ್ಲೇಂಜ್ ಬಿರಿದಿದ್ದರೆ ಬೇಡ. ವೇಸ್ಟ್‌ಗೇಟ್‌ನ ಡಬ್ಬಿಗೆ ಸೈಕಲ್ ಪಂಪಲ್ಲಿ ನಿಧಾನಕ್ಕೆ ಗಾಳಿ ಕೊಟ್ಟು ಪೈಪ್ ಹಿಸುಕಿ ಹಿಡಿದೆ. ರಾಡ್ ಮುಂದೆ ಬಂದು ಅಲ್ಲೇ ನಿಂತಿತು, ಒಳಗಿನ ಡಯಾಫ್ರಾಮ್ ಹರಿದಿಲ್ಲ ಅಂತಾಯ್ತು. ಕಂಪ್ರೆಸರ್ ಗಾಳಿ ನೇರ ಬಿಡಬೇಡಿ, ಸರಿ ಇರೋದೂ ಹರಿದುಹೋಗುತ್ತೆ. ವಿಜಿಟಿ ಆದರೆ ಲಿವರ್ ಈ ತುದಿಯಿಂದ ಆ ತುದಿಗೆ ಎಲ್ಲೂ ಸಿಕ್ಕಿಕೊಳ್ಳದೆ ಹೋಗಬೇಕು, ಮಸಿ ಕಟ್ಟಿದ್ದರೆ ನಡುವೆ ನಿಲ್ಲುತ್ತೆ.

8,000 ಹೇಳಿದರು, 6,500ಕ್ಕೆ ಕೊಟ್ಟರು.

ಹಾಕುವಾಗಲೇ ನನಗೆ ಇನ್ನೊಂದು ವಿಷಯ ಗೊತ್ತಾಗಿದ್ದು. ನನ್ನ ಗಾಡಿಯಲ್ಲಿ ಟರ್ಬೋಕ್ಕೆ ಎಣ್ಣೆ ತರುವ ಪೈಪನ್ನೇ ಊದಿ ನೋಡಿದರೆ ಗಾಳಿ ಸರಿಯಾಗಿ ಹೋಗುತ್ತಿರಲಿಲ್ಲ. ಘಾಟಿಯಲ್ಲಿ ಹೋದ ಮೊದಲ ಟರ್ಬೋಕ್ಕೂ ಇದೇ ಕಾರಣ ಇರಬೇಕು, ಅರ್ಧ ಸತ್ತಿದ್ದ ಎರಡನೇದನ್ನ ಪೂರ್ತಿ ಮುಗಿಸಿದ್ದೂ ಇದೇ. ತೊಳೆದು ಹಾಕೋಕೆ ಹೋಗಲಿಲ್ಲ, ಹೊಸ ಪೈಪ್, ಹೊಸ ವಾಷರ್, ಹೊಸ ಎಣ್ಣೆ, ಹೊಸ ಫಿಲ್ಟರ್. ರಿಟರ್ನ್ ಪೈಪಿಗೆ ಗ್ಯಾಸ್ಕೆಟ್ ಮಾತ್ರ, ಸಿಲಿಕಾನ್ ಪೇಸ್ಟ್ ಬೇಡ, ಒಳಗೆ ಹಿಂಡಿಕೊಂಡ ಚೂರು ಎಣ್ಣೆ ದಾರಿ ಕಟ್ಟಿಬಿಡುತ್ತೆ. ಇಂಟರ್‌ಕೂಲರ್ ಇಳಿಸಿ ಒಳಗಿನ ಎಣ್ಣೆ ಪೂರ್ತಿ ಸುರಿದು ತೊಳೆದೆ. ಟರ್ಬೋದ ಎಣ್ಣೆ ತೂತಿಗೆ ಹೊಸ ಎಣ್ಣೆ ಹನಿ ಹನಿ ಬಿಟ್ಟು ಬೆರಳಲ್ಲಿ ಸುತ್ತಿಸಿದೆ. ಇಂಜೆಕ್ಟರ್ ಕನೆಕ್ಟರ್ ಕಳಚಿ, ಸ್ಟಾರ್ಟ್ ಆಗದ ಹಾಗೆ ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆದು, ಡ್ಯಾಶ್‌ಬೋರ್ಡಿನ ಎಣ್ಣೆ ದೀಪ ಆರಿದ ಮೇಲೆ ಕನೆಕ್ಟರ್ ಹಾಕಿ ಸ್ಟಾರ್ಟ್ ಮಾಡಿದೆ. ಐದು ನಿಮಿಷ ಐಡಲ್, ಒಂದು ಸಲವೂ ರೇಸ್ ಮಾಡಲಿಲ್ಲ.

ಅದಾಗಿ 14 ತಿಂಗಳಾಯ್ತು. ಎಣ್ಣೆಯನ್ನ ಈಗ 7,500 ಕಿ.ಮೀ.ಗೇ ಬದಲಿಸ್ತೀನಿ, ಪ್ರತಿ ಸಲ ಇಂಟರ್‌ಕೂಲರ್ ಹೋಸ್ ಬಿಚ್ಚಿ ಒಳಗೆ ಬೆರಳಾಡಿಸಿ ನೋಡ್ತೀನಿ. ಕಳೆದ ಭಾನುವಾರ ನೋಡಿದಾಗ ಬೆರಳ ತುದಿಗೆ ತೆಳು ಜಿಡ್ಡು ಹತ್ತಿತು, ಅಷ್ಟೇ. ಅದೇ ಸಂಜೆ ಗುಂಡ್ಯದಿಂದ ಮಾರನಹಳ್ಳಿಗೆ ಮೂರನೇ ಗೇರಲ್ಲೇ ಹತ್ತಿ ಬಂದೆ.