ಫ್ರೀಜರ್ ತುಂಬಿಸದೆ ನಡೆಸಿದ ಸಂಸಾರ: ಪಂಪ್ ಮಾಡಿದ ಎದೆಹಾಲು, ನನ್ನ ಅನುಭವ

ಕೆಲಸಕ್ಕೆ ವಾಪಸ್ ಹೋಗುವ ಬಾಣಂತಿಗೆ ಎಲ್ಲರೂ ಕೊಡುವ ಸಲಹೆ ಒಂದೇ. ಈಗಿಂದಲೇ ಪಂಪ್ ಮಾಡು, ಫ್ರೀಜರ್ ತುಂಬಾ ಹಾಲು ಕೂಡಿಡು. ಬೇರೆ ಅಮ್ಮಂದಿರು ಹಂಚಿಕೊಳ್ಳುವ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಫ್ರೀಜರ್ ಬಾಗಿಲು ತೆರೆದರೆ ಸಾಲುಸಾಲು ಹಾಲಿನ ಚೀಲ. ನೋಡಿದರೆ ಎದೆ ಧಸಕ್ ಅನ್ನುತ್ತದೆ. ನನ್ನ ಹತ್ತಿರ ಅಷ್ಟು ಹಾಲು ಯಾವತ್ತೂ ಇರಲಿಲ್ಲ. ಹಾಗಿದ್ದೂ ಮಗಳಿಗೆ ಪೌಡರ್ ಹಾಲು ಬೇಕಾಗಲಿಲ್ಲ. ಅವಳು ಕುಡಿದಿದ್ದು ಬಹುಪಾಲು ಹಿಂದಿನ ದಿನ ಪಂಪ್ ಮಾಡಿ ಫ್ರಿಜ್‌ನಲ್ಲಿಟ್ಟ ಹಾಲನ್ನೇ. ಫ್ರೀಜರ್‌ನಲ್ಲಿದ್ದದ್ದು ಆಪತ್ತಿಗೆ ಅಂತ ಇಟ್ಟ ಕೆಲವೇ ಚೀಲ.

ನಮ್ಮ ಮನೆ ವಿಜಯನಗರದಲ್ಲಿ, ಆಫೀಸು ವೈಟ್‌ಫೀಲ್ಡ್ ಕಡೆ. ನೇರಳೆ ಮಾರ್ಗದ ಮೆಟ್ರೋ ಇದ್ದರೂ ಹೋಗಿ ಬರುವುದೂ ಸೇರಿ ಮಗುವಿನಿಂದ ಹತ್ತು, ಹನ್ನೊಂದು ಗಂಟೆ ದೂರ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ ಸಿಗುತ್ತದೆ ಅಲ್ವಾ, ಅದರಲ್ಲಿ ಕೆಲವು ವಾರ ಹೆರಿಗೆಗೆ ಮುಂಚೆಯೇ ಖರ್ಚಾಗಿತ್ತು. ಹಾಗಾಗಿ ನಾನು ಕೆಲಸಕ್ಕೆ ಹೊರಟಾಗ ಮಗಳಿಗೆ ಆರು ತಿಂಗಳು ತುಂಬಿರಲಿಲ್ಲ. ಅವಳ ಊಟ ಬರೀ ಎದೆಹಾಲು.

ಕೂಡಿಡುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ಇದನ್ನು ಪಂಪ್ ಕೊಂಡ ವಾರವೇ ಎಲ್ಲರೂ ಮಾಡಬೇಕು ಅಂತ ನನ್ನ ಅನಿಸಿಕೆ. ಎರಡು ಚೀಲ ಹಾಲು ಫ್ರೀಜ್ ಮಾಡಿದೆ. ಒಂದು ವಾರ ಬಿಟ್ಟು ಒಂದನ್ನು ಕರಗಿಸಿ ಮೂಸಿ ನೋಡಿದೆ. ಸೋಪಿನ ನೀರಿನ ವಾಸನೆ! ಪಾತ್ರೆ ಸರಿಯಾಗಿ ತೊಳೆದಿಲ್ಲವೇನೋ ಅನ್ನುವಷ್ಟು. ಮಗಳು ಒಂದು ಗುಟುಕು ಬಾಯಿಗೆ ಹೋದ ಕೂಡಲೇ ಮುಖ ತಿರುಗಿಸಿ ನಾಲಿಗೆಯಿಂದ ಹೊರಗೆ ತಳ್ಳಿದಳು. ಮಾರನೇ ದಿನ ಎರಡನೇ ಚೀಲ ಕೊಟ್ಟರೂ ಅದೇ ಕಥೆ. ಅದೇ ಹೊತ್ತಿಗೆ ಆಗಷ್ಟೇ ಹಿಂಡಿದ ಹಾಲು ಕೊಟ್ಟರೆ ಗಟಗಟ ಕುಡಿದಳು.

ಹಾಲು ಕೆಟ್ಟಿರಲಿಲ್ಲ. ಎದೆಹಾಲಿನಲ್ಲಿ ಲೈಪೇಸ್ ಅನ್ನುವ ಕಿಣ್ವ ಇರುತ್ತದೆ. ಕೊಬ್ಬನ್ನು ಒಡೆದು ಮಗುವಿಗೆ ಜೀರ್ಣವಾಗುವ ಹಾಗೆ ಮಾಡುವುದು ಅದರ ಕೆಲಸ. ಹಾಲು ಹೊರಗೆ ಬಂದ ಮೇಲೂ, ಫ್ರಿಜ್‌ನ ತಣ್ಣಗಿನಲ್ಲೂ, ಫ್ರೀಜರ್‌ನಲ್ಲೂ ಅದು ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತದೆ. ಒಡೆದ ಕೊಬ್ಬಿನ ಆಮ್ಲಗಳೇ ಆ ಸೋಪಿನ ವಾಸನೆಗೆ ಕಾರಣ. ಕೆಲವರ ಹಾಲಿನಲ್ಲಿ ಇದು ಜಾಸ್ತಿ ಗೊತ್ತಾಗುತ್ತದೆ, ಕೆಲವರದ್ದು ತಿಂಗಳುಗಟ್ಟಲೆ ಇಟ್ಟರೂ ಏನೂ ಆಗುವುದಿಲ್ಲ. ಕುಡಿದರೆ ಮಗುವಿಗೆ ತೊಂದರೆ ಇಲ್ಲ. ಎಷ್ಟೋ ಮಕ್ಕಳು ಆ ವಾಸನೆಯನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನನ್ನ ಮಗಳು ತಗೊಂಡಳು, ಅಷ್ಟೇ. ಹಾಲು ಹುಳಿ ವಾಸನೆ ಹೊಡೆದರೆ ಅದು ಬೇರೆ ವಿಷಯ, ಅದನ್ನು ಚೆಲ್ಲಬೇಕು.

ಇದಾದ ಮೇಲೆ ಫ್ರಿಜ್‌ನ ಹಾಲನ್ನೂ ಪರೀಕ್ಷಿಸಿದೆ. ಒಂದು ಬಾಟಲಿ ಇಟ್ಟು ದಿನಾ ಮೂಸಿದೆ. ಮಾರನೇ ದಿನ ಏನೂ ಇಲ್ಲ. ಅದರ ಮಾರನೇ ದಿನವೂ ಪರವಾಗಿಲ್ಲ. ಆಮೇಲೆ ಸಣ್ಣಗೆ ವಾಸನೆ ಶುರು. ಅಂದರೆ ಹಿಂಡಿದ ಮಾರನೇ ದಿನವೇ ಕೊಟ್ಟರೆ ನಮಗೆ ಯಾವ ತಾಪತ್ರಯವೂ ಇಲ್ಲ. ನನ್ನ ಇಡೀ ಲೆಕ್ಕಾಚಾರ ನಿಂತಿದ್ದು ಇದರ ಮೇಲೆ.

ಸೋಮವಾರ ಆಫೀಸಿನಲ್ಲಿ ಹಿಂಡಿದ ಹಾಲು ಮಂಗಳವಾರಕ್ಕೆ. ಮಂಗಳವಾರದ್ದು ಬುಧವಾರಕ್ಕೆ. ಹೀಗೇ ಶುಕ್ರವಾರದ ತನಕ. ಶುಕ್ರವಾರದ ಹಾಲಿಗೆ ಮಾತ್ರ ಮಾರನೇ ದಿನ ಕೆಲಸವಿಲ್ಲ, ಏಕೆಂದರೆ ಶನಿವಾರ, ಭಾನುವಾರ ನಾನೇ ಮನೆಯಲ್ಲಿರುತ್ತೇನೆ. ಆ ಹಾಲು ಫ್ರೀಜರ್‌ಗೆ. ಸೋಮವಾರಕ್ಕೆ ಬೇಕಾದ್ದನ್ನು ಭಾನುವಾರ ಬೆಳಿಗ್ಗೆಯಿಂದ ಮಗಳು ಕುಡಿದಾದ ಮೇಲೆ ಸ್ವಲ್ಪ ಸ್ವಲ್ಪ ಪಂಪ್ ಮಾಡಿ ಸೇರಿಸುತ್ತಿದ್ದೆ. ಬೆಳಗಿನ ಹೊತ್ತು ಹಾಲು ಚೆನ್ನಾಗಿ ಬರುತ್ತದೆ. ಹಾಗಾಗಿ ಕೆಲಸಕ್ಕೆ ಹೋಗುವ ಮೊದಲ ದಿನಕ್ಕೆ ನನಗೆ ಬೇಕಾಗಿದ್ದು ಒಂದೇ ದಿನದ ಹಾಲು, ಜೊತೆಗೆ ಆಪತ್ತಿಗೆ ಸ್ವಲ್ಪ. ತಿಂಗಳ ಹಾಲಲ್ಲ.

ಒಂದು ದಿನಕ್ಕೆ ಎಷ್ಟು ಅನ್ನುವುದು ಮುಂದಿನ ಪ್ರಶ್ನೆ. ಬರೀ ಎದೆಹಾಲು ಕುಡಿಯುವ ಮಗು ಒಂದರಿಂದ ಆರು ತಿಂಗಳ ನಡುವೆ ದಿನಕ್ಕೆ ಸರಾಸರಿ 750 ಮಿಲಿ ಸುತ್ತಮುತ್ತ ಕುಡಿಯುತ್ತದೆ. ಗಂಟೆಗೆ ಹೆಚ್ಚುಕಮ್ಮಿ 30 ಮಿಲಿ. ಪೌಡರ್ ಹಾಲಿನ ಹಾಗೆ ತಿಂಗಳು ಕಳೆದಂತೆ ಇದು ಏರುತ್ತಾ ಹೋಗುವುದಿಲ್ಲ. ಹತ್ತು ಗಂಟೆಗೆ 300 ಮಿಲಿ ಇಟ್ಟುಹೋದರೆ ಸಾಕಾಗುತ್ತಿತ್ತು, ಕೆಲವು ದಿನ ಉಳಿಯುತ್ತಿತ್ತು ಕೂಡ. ರಾತ್ರಿ ಅವಳು ನನ್ನ ಹತ್ತಿರವೇ ಜಾಸ್ತಿ ಕುಡಿದು ಲೆಕ್ಕ ಸರಿಮಾಡಿಕೊಳ್ಳುತ್ತಿದ್ದಳು. ನಿದ್ದೆ? ಅದನ್ನು ಕೇಳಬೇಡಿ.

ಫ್ರೀಜ್ ಮಾಡಿದ ಹಾಲು ಕೀಳು ಅಂತ ನಾನು ಹೇಳುತ್ತಿಲ್ಲ. ಹೆಪ್ಪುಗಟ್ಟಿದಾಗ ಹಾಲಿನಲ್ಲಿರುವ ಜೀವಕೋಶಗಳು ಬಹುಪಾಲು ಸಾಯುತ್ತವೆ. ಇಟ್ಟಷ್ಟೂ ವಿಟಮಿನ್ ಸಿ ಕಡಿಮೆಯಾಗುತ್ತದೆ. ಸ್ವಲ್ಪ ಕೊಬ್ಬು ಚೀಲದ ಗೋಡೆಗೆ ಅಂಟಿಕೊಂಡು ನಷ್ಟವಾಗುತ್ತದೆ. ಆದರೆ ಸೋಂಕಿನಿಂದ ಕಾಪಾಡುವ ಅಂಶಗಳು ಬಹಳಷ್ಟು ಉಳಿಯುತ್ತವೆ. ಡಬ್ಬಿಯ ಪೌಡರ್‌ನಲ್ಲಿ ಅವು ಬಹುಪಾಲು ಇರುವುದಿಲ್ಲ. ಆಯ್ಕೆಯ ಸರದಿ ನನ್ನ ಲೆಕ್ಕದಲ್ಲಿ ಹೀಗೆ: ನೇರ ಎದೆಯಿಂದ, ಆಮೇಲೆ ಫ್ರಿಜ್‌ನದ್ದು, ಆಮೇಲೆ ಫ್ರೀಜರ್‌ನದ್ದು. ಮೂರನೆಯದು ಮಾತ್ರ ಸಾಧ್ಯ ಅನ್ನುವವರು ಧಾರಾಳವಾಗಿ ಅದನ್ನೇ ಕೊಡಿ.

ನನ್ನ ಶುಕ್ರವಾರದ ಹಾಲಿಗೆ ಮಾತ್ರ ಒಂದು ಉಪಾಯ ಬೇಕಿತ್ತು. ಹಾಗೇ ಫ್ರೀಜ್ ಮಾಡಿದರೆ ಮಗಳು ಮುಟ್ಟುವುದಿಲ್ಲ. ಲೈಪೇಸ್‌ನ ಆಟ ನಿಲ್ಲಿಸಬೇಕಾದರೆ ಹಾಲನ್ನು ಬಿಸಿ ಮಾಡಬೇಕು, ಅದೂ ವಾಸನೆ ಶುರುವಾಗುವ ಮುಂಚೆ. ಒಮ್ಮೆ ವಾಸನೆ ಬಂದ ಮೇಲೆ ಕಾಯಿಸಿ ಪ್ರಯೋಜನವಿಲ್ಲ. ಮನೆಗೆ ಬಂದ ಕೂಡಲೇ ಸಣ್ಣ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿ. ಅಂಚಿನಲ್ಲಿ ಪುಟಾಣಿ ಗುಳ್ಳೆ ಕಂಡ ತಕ್ಷಣ ಒಲೆ ಆರಿಸಬೇಕು, ಉಕ್ಕಲು ಬಿಡಬಾರದು. ಸುಮಾರು 82 ಡಿಗ್ರಿ ಸೆಲ್ಸಿಯಸ್ ಅನ್ನುತ್ತಾರೆ. ನನ್ನ ಹತ್ತಿರ ಥರ್ಮಾಮೀಟರ್ ಇರಲಿಲ್ಲ, ಗುಳ್ಳೆ ನೋಡಿಯೇ ಮಾಡಿದೆ. ತಕ್ಷಣ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ, ಚೀಲಕ್ಕೆ ಹಾಕಿ ಫ್ರೀಜರ್‌ಗೆ. ಹೀಗೆ ಮಾಡಿದ ಹಾಲನ್ನು ಕರಗಿಸಿ ಕೊಟ್ಟಾಗ ಮಗಳು ತಕರಾರಿಲ್ಲದೆ ಕುಡಿದಳು.

ಬಿಸಿ ಮಾಡಿದರೆ ಒಂದಷ್ಟು ಒಳ್ಳೆಯ ಅಂಶ ಹೋಗುತ್ತದೆ, ನಿಜ. ಅದಕ್ಕೇ ಎಲ್ಲ ಹಾಲನ್ನೂ ಕಾಯಿಸಲಿಲ್ಲ, ಫ್ರೀಜರ್‌ಗೆ ಹೋಗುವುದನ್ನು ಮಾತ್ರ. ಎದೆಹಾಲು ಬ್ಯಾಂಕ್‌ಗಳಲ್ಲೂ ದಾನಿಗಳ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿಯೇ ಫ್ರೀಜ್ ಮಾಡುತ್ತಾರೆ. ನಮ್ಮ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಶುರುವಾದ ‘ಅಮೃತಧಾರೆ’ಯೂ ಅಂಥದ್ದೇ ಬ್ಯಾಂಕ್. ದಿನ ತುಂಬದೆ ಹುಟ್ಟಿದ, ಅಷ್ಟು ನಾಜೂಕಾದ ಶಿಶುಗಳಿಗೇ ಆ ಹಾಲು ಕೊಡುತ್ತಾರೆ ಅಂದಮೇಲೆ, ವಾರಕ್ಕೊಮ್ಮೆ ಕಾಯಿಸಿದ ಹಾಲು ಕುಡಿದರೆ ನನ್ನ ಗುಂಡಮ್ಮನಿಗೆ ಏನೂ ಆಗಲ್ಲ ಅಂತ ಧೈರ್ಯ ತಂದುಕೊಂಡೆ.

ಎಷ್ಟು ಹೊತ್ತು ಇಡಬಹುದು ಅನ್ನುವುದಕ್ಕೆ ನಾನು ಪಾಲಿಸಿದ ಲೆಕ್ಕ ಇದು. ಹೊರಗೆ 25 ಡಿಗ್ರಿ ಒಳಗೆ ಇದ್ದರೆ 4 ಗಂಟೆ. 4 ಡಿಗ್ರಿಯ ಫ್ರಿಜ್‌ನಲ್ಲಿ 4 ದಿನ. ಮೈನಸ್ 18ರ ಫ್ರೀಜರ್‌ನಲ್ಲಿ 6 ತಿಂಗಳೊಳಗೆ ಮುಗಿಸುವುದು ಒಳ್ಳೆಯದು. ಇವು ಆರೋಗ್ಯವಾಗಿ, ದಿನ ತುಂಬಿ ಹುಟ್ಟಿದ ಮಗುವಿಗೆ. ದಿನ ತುಂಬದೆ ಹುಟ್ಟಿದ ಮಗುವಾದರೆ ಡಾಕ್ಟರ್ ಹೇಳಿದ್ದೇ ಅಂತಿಮ. ಇನ್ನೊಂದು ಮಾತು, ಆ 25 ಡಿಗ್ರಿ ನಮ್ಮ ಏಪ್ರಿಲ್‌ಗೆ ಅನ್ವಯಿಸುವುದಿಲ್ಲ. ಬೇಸಿಗೆಯಲ್ಲಿ ಬೆಂಗಳೂರಿನ ಅಡುಗೆಮನೆಯೇ 30 ದಾಟುತ್ತದೆ. ಕಲಬುರಗಿ, ರಾಯಚೂರಿನವರು ಆ ನಾಲ್ಕು ಗಂಟೆಯನ್ನು ಮರೆತೇಬಿಡಿ, ಹಿಂಡಿದ ಕೂಡಲೇ ಫ್ರಿಜ್‌ಗಿಡಿ.

ಫ್ರೀಜರ್ ಯಾವ ಥರದ್ದು ಅನ್ನುವುದೂ ಮುಖ್ಯ. ಒಂದೇ ಬಾಗಿಲಿನ ಫ್ರಿಜ್‌ನ ಒಳಗಿರುವ ಪುಟ್ಟ ಐಸ್ ಪೆಟ್ಟಿಗೆ ಮೈನಸ್ 18ರಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ. ತರಕಾರಿಗೆ ಅಂತ ಬಾಗಿಲು ತೆಗೆದಾಗಲೆಲ್ಲ ಅದಕ್ಕೂ ಬಿಸಿ ಗಾಳಿ. ಅಂಥ ಫ್ರಿಜ್ ಇದ್ದವರು ತಿಂಗಳುಗಟ್ಟಲೆ ಕೂಡಿಡುವ ಆಸೆ ಬಿಡಬೇಕು. ನಮ್ಮದು ಎರಡು ಬಾಗಿಲಿನದು. ಆದರೂ ಕರೆಂಟ್ ಹೋದಾಗ ಭಯ ಇದ್ದೇ ಇರುತ್ತಿತ್ತು. ಒಂದು ಲೋಟದಲ್ಲಿ ನೀರು ಫ್ರೀಜ್ ಮಾಡಿ ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟಿದ್ದೆ. ನಾವು ಊರಿಗೆ ಹೋಗಿ ಬಂದಾಗ ನಾಣ್ಯ ಮೇಲೇ ಇದ್ದರೆ ಐಸ್ ಕರಗಿಲ್ಲ ಅಂತ ಅರ್ಥ. ತಳಕ್ಕೆ ಇಳಿದಿದ್ದರೆ ಮಧ್ಯೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ, ಆ ಹಾಲು ನಂಬಬಾರದು.

ಆಫೀಸಿನಲ್ಲಿ ಅಮ್ಮಂದಿರಿಗೆ ಅಂತ ಒಂದು ಕೋಣೆ ಇತ್ತು, ಬಾಗಿಲಿಗೆ ಚಿಲಕವೂ ಇತ್ತು. ಎಲ್ಲರಿಗೂ ಈ ಪುಣ್ಯ ಇರುವುದಿಲ್ಲ ಅಂತ ಗೊತ್ತು. ಹನ್ನೊಂದು ಗಂಟೆಗೆ ಒಮ್ಮೆ, ಊಟ ಆದ ಮೇಲೆ ಒಮ್ಮೆ, ಸಂಜೆ ಹೊರಡುವ ಮುಂಚೆ ಒಮ್ಮೆ. ಮೀಟಿಂಗ್ ಕ್ಯಾಲೆಂಡರ್‌ನಲ್ಲಿ ಆ ಹೊತ್ತನ್ನು ಮೊದಲೇ ನನ್ನ ಹೆಸರಿಗೆ ಬರೆದುಕೊಳ್ಳುತ್ತಿದ್ದೆ. ಹೊಸದಾಗಿ ಹಿಂಡಿದ ಬೆಚ್ಚಗಿನ ಹಾಲನ್ನು ತಣ್ಣಗಿನ ಹಾಲಿಗೆ ನೇರವಾಗಿ ಸುರಿಯಲಿಲ್ಲ. ಮೊದಲು ಅದನ್ನೂ ಫ್ರಿಜ್‌ನಲ್ಲಿ ತಣ್ಣಗಾಗಿಸಿ ಆಮೇಲೆ ಕೂಡಿಸುತ್ತಿದ್ದೆ. ಮನೆಗೆ ತರಲು ಐಸ್ ಪ್ಯಾಕ್ ಇಟ್ಟ ದಪ್ಪ ಬ್ಯಾಗ್. ಗಟ್ಟಿ ಐಸ್ ಪ್ಯಾಕ್ ಇದ್ದರೆ 24 ಗಂಟೆ ತಡೆಯುತ್ತದೆ, ಮೆಟ್ರೋ ಪ್ರಯಾಣ ಯಾವ ಲೆಕ್ಕ? ಸ್ಟೇಷನ್‌ನಲ್ಲಿ ಬ್ಯಾಗ್ ತಪಾಸಣೆ ಮಾಡುವಾಕೆ ಒಮ್ಮೆ, “ಏನ್ ಮೇಡಂ ಇದು?” ಅಂದರು. “ಮಗುಗೆ ಹಾಲು” ಅಂದೆ. ಅವರು ಪಕ್ಕದವರಿಗೆ ಏನೋ ಪಿಸುಗುಟ್ಟಿ ನಕ್ಕು ಕಳಿಸಿದರು. ಆಮೇಲೆ ಯಾವತ್ತೂ ಕೇಳಲಿಲ್ಲ. ಬದಲಿಗೆ, “ಪಾಪು ಹೇಗಿದೆ?” ಅನ್ನುತ್ತಿದ್ದರು.

ಮನೆಯಲ್ಲಿ ಹಾಲು ಕುಡಿಸುವುದು ನಮ್ಮ ಅತ್ತೆ. ಅವರನ್ನು ಒಪ್ಪಿಸುವುದು ಲೈಪೇಸ್‌ಗಿಂತ ಕಷ್ಟದ ಕೆಲಸ.

“ನಿನ್ನೆಯ ಹಾಲು ಅಂದ್ರೆ ತಂಗಳಲ್ವೇನಮ್ಮ? ಕೂಸಿಗೆ ತಂಗಳು ಕೊಡ್ತಾರಾ?” ಅಂದರು.

“ಕುಡಿದು ನೋಡಿ ಅತ್ತೆ” ಅಂತ ಒಂದು ಚಮಚ ಕೊಟ್ಟೆ. ಮೂಸಿದರು, ನಾಲಿಗೆಗೆ ತಾಗಿಸಿದರು. “ಸಿಹಿಯಾಗೇ ಇದೆ” ಅಂದರು. ಅಲ್ಲಿಗೆ ಅರ್ಧ ಗೆದ್ದೆ.

ಉಳಿದರ್ಧ ಕಾಯಿಸುವ ವಿಷಯ. ನಂದಿನಿ ಪ್ಯಾಕೆಟ್ ಬಂದ ಕೂಡಲೇ ಉಕ್ಕಿಸುವ ಕೈ ಅವರದ್ದು. ಇದನ್ನು ಒಲೆಯ ಮೇಲೆ ಇಡಬೇಡಿ, ಮೈಕ್ರೋವೇವ್ ಅಂತೂ ಬೇಡವೇ ಬೇಡ ಅಂದೆ. ಮೈಕ್ರೋವೇವ್‌ನಲ್ಲಿ ಒಂದು ಕಡೆ ಸುಡುವಷ್ಟು ಬಿಸಿ, ಇನ್ನೊಂದು ಕಡೆ ತಣ್ಣಗೆ ಇರುತ್ತದೆ. ಮಗುವಿನ ಬಾಯಿ ಸುಟ್ಟೀತು. ಬಿಸಿನೀರಿನ ಲೋಟದಲ್ಲಿ ಬಾಟಲಿ ಇಟ್ಟು, ಮೇಲೆ ಕಟ್ಟಿದ ಕೆನೆ ಬೆರೆಯುವ ಹಾಗೆ ಮೆಲ್ಲಗೆ ತಿರುಗಿಸಿ, ಮುಂಗೈ ಮೇಲೆ ಒಂದು ಹನಿ ಹಾಕಿ ನೋಡುವುದು. ಆ ಕೊನೆಯದನ್ನು ನಾನು ಹೇಳಿಕೊಡಬೇಕಾಗಿ ಬರಲಿಲ್ಲ.

ಕುಡಿಸಲು ಬಾಟಲಿ ಬಳಸಲಿಲ್ಲ. ಮನೆಯಲ್ಲಿ ನಮ್ಮ ಯಜಮಾನರು ಕೂಸಾಗಿದ್ದಾಗಿನ ಬೆಳ್ಳಿ ಒಳಲೆ, ಅಂದರೆ ಕೂಸಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು, ಇತ್ತು. ಅತ್ತೆಗೆ ಅದರಲ್ಲಿ ಕೈ ಪಳಗಿತ್ತು. ಒಳಲೆಯಲ್ಲಿ ಮೂಲೆ ಸಂದಿ ಇಲ್ಲ, ಕುದಿಯುವ ನೀರಿಗೆ ಹಾಕಿ ತೆಗೆದರೆ ಮುಗಿಯಿತು. ಸ್ವಲ್ಪ ಚೆಲ್ಲುತ್ತದೆ, ಕತ್ತಿಗೊಂದು ಬಟ್ಟೆ ಕಟ್ಟಿದರಾಯಿತು. ಮಗಳಿಗೆ ನಿಪ್ಪಲ್ ಅಭ್ಯಾಸವಾಗದೆ ಇದ್ದದ್ದರಿಂದ ಸಂಜೆ ನಾನು ಬಂದಾಗ ಎದೆಗೆ ಬರಲು ತಕರಾರು ಮಾಡಲಿಲ್ಲ ಅಂತ ನನ್ನ ನಂಬಿಕೆ.

ಕುಡಿದು ಉಳಿಸಿದ ಹಾಲನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ಚೆಲ್ಲುವುದು ಅಂದರೆ ಅತ್ತೆಗೆ ಕರುಳು ಹಿಂಡಿದಷ್ಟು ಸಂಕಟ. ನನಗೂ ಅಷ್ಟೇ, ಪಂಪ್ ಮಾಡಿದವಳು ನಾನಲ್ವಾ! ಅದಕ್ಕೆ ಎಲ್ಲವನ್ನೂ 60 ಮಿಲಿ ಪಾಲು ಮಾಡಿಟ್ಟೆ. ಸಾಲದಿದ್ದರೆ ಇನ್ನೊಂದು ತೆರೆದರಾಯಿತು. ಪ್ರತಿಯೊಂದರ ಮೇಲೂ ತಾರೀಕು, ಹೊತ್ತು. ಫ್ರೀಜರ್ ಚೀಲದಲ್ಲಿ ಮೇಲೆ ಸ್ವಲ್ಪ ಜಾಗ ಬಿಡಬೇಕು, ಗಟ್ಟಿಯಾದಾಗ ಹಾಲು ಹಿಗ್ಗಿ ಚೀಲ ಸೀಳುತ್ತದೆ. ಚೀಲವನ್ನು ಮಲಗಿಸಿ ಚಪ್ಪಟೆಯಾಗಿ ಫ್ರೀಜ್ ಮಾಡಿದರೆ ಬೇಗ ಕರಗುತ್ತದೆ, ಜಾಗವೂ ಉಳಿಯುತ್ತದೆ. ಕರಗಿಸಲು ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸುತ್ತಿದ್ದೆ. ಪೂರ್ತಿ ಕರಗಿದ ಮೇಲೆ ಫ್ರಿಜ್‌ನಲ್ಲಿ 24 ಗಂಟೆ ಮಾತ್ರ. ಮತ್ತೆ ಫ್ರೀಜ್ ಮಾಡುವ ಹಾಗಿಲ್ಲ.

ಜ್ವರ ಬಂದು ಹಾಲು ಇಳಿದ ವಾರ, ಆಫೀಸಿನಲ್ಲಿ ಪಂಪ್ ಕೈಕೊಟ್ಟ ದಿನ, ಈ ಶುಕ್ರವಾರದ ಚೀಲಗಳೇ ಕಾಪಾಡಿದವು. ಪಂಪ್ ಕೈಕೊಟ್ಟ ದಿನ ಕೈಯಲ್ಲೇ ಹಿಂಡಿದೆ. ಅದನ್ನು ರಜೆಯಲ್ಲಿರುವಾಗಲೇ ಕಲಿತಿಟ್ಟುಕೊಳ್ಳಿ, ಕರೆಂಟ್ ಬೇಡ, ಚಾರ್ಜರ್ ಬೇಡ.

ಪರೀಕ್ಷೆಯ ಹೊತ್ತಿಗೆ ಕಾಯಿಸದೆ ಫ್ರೀಜ್ ಮಾಡಿದ್ದ ಇನ್ನೂ ಕೆಲವು ಚೀಲ ಮೂಲೆಯಲ್ಲಿ ಉಳಿದಿದ್ದವು. ಎಸೆಯಲು ಮನಸ್ಸಾಗಿರಲಿಲ್ಲ. ಆರು ತಿಂಗಳು ತುಂಬಿ ರಾಗಿ ಸರಿ ಶುರು ಮಾಡಿದಾಗ ಅವಕ್ಕೂ ಕೆಲಸ ಸಿಕ್ಕಿತು. ಸರಿಯನ್ನು ನೀರಿನಲ್ಲೇ ಗಟ್ಟಿಯಾಗಿ ಬೇಯಿಸಿ, ಉಗುರು ಬೆಚ್ಚಗಾದ ಮೇಲೆ ಕರಗಿಸಿದ ಹಾಲು ಬೆರೆಸಿ ಹದ ಮಾಡಿದೆವು. ರಾಗಿಯ ಘಮದಲ್ಲಿ ಸೋಪಿನ ವಾಸನೆ ಅವಳಿಗೆ ಗೊತ್ತೇ ಆಗಲಿಲ್ಲ. ನಿಮ್ಮ ಮನೆಯಲ್ಲೂ ಮಗು ಒಲ್ಲೆ ಅಂದ ಹಾಲು ಇದ್ದರೆ, ಇಟ್ಟು ಆರು ತಿಂಗಳು ದಾಟಿಲ್ಲದಿದ್ದರೆ, ಹೀಗೆ ಮಾಡಿ ನೋಡಿ.