ಅಜ್ಜಿಯ ತೊಟ್ಟೆಯಲ್ಲಿದ್ದ ಮೂರು ಚೀಟಿ

ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್. ಡಿಸ್ಚಾರ್ಜ್ ಆಗಿ ಮನೆಗೆ ಹೋದವರನ್ನು ವಿಚಾರಿಸಿಕೊಳ್ಳುವುದು ನನ್ನ ಕೆಲಸ. ದಿನಕ್ಕೆ ಎಲ್ಲರಿಗೂ ಫೋನ್ ಮಾಡಲು ಆಗುವುದಿಲ್ಲ. ಮೊದಲೆಲ್ಲ ರಿಜಿಸ್ಟರಿನಲ್ಲಿ ಹೆಸರಿದ್ದ ಸಾಲಿನಲ್ಲೇ ಮಾಡುತ್ತಿದ್ದೆ. ಈಗ ಯಾರಿಗೆ ಮೊದಲು ಮಾಡಬೇಕು ಅಂತ ಕಂಪ್ಯೂಟರೇ ಪಟ್ಟಿ ಕೊಡುತ್ತದೆ.

ಅದು ಹಾಕುವುದು ಲೇಸ್ ಸ್ಕೋರ್. ಕೆನಡಾದವರು 2010ರಲ್ಲಿ ಪ್ರಕಟಿಸಿದ ಲೆಕ್ಕ. ಎಷ್ಟು ದಿನ ಅಡ್ಮಿಟ್ ಆಗಿದ್ದರು, ತುರ್ತಾಗಿ ಬಂದದ್ದಾ, ಬೇರೆ ಏನು ಕಾಯಿಲೆ ಇದೆ, ಹಿಂದಿನ 6 ತಿಂಗಳಲ್ಲಿ ಎಷ್ಟು ಸಲ ಎಮರ್ಜೆನ್ಸಿಗೆ ಹೋಗಿದ್ದರು ಎಂದು ನೋಡಿ ಅಂಕ ಕೊಡುತ್ತದೆ. ಹೆಚ್ಚೆಂದರೆ 19. 10 ಅಥವಾ ಮೇಲೆ ಬಂದರೆ 30 ದಿನದೊಳಗೆ ಮತ್ತೆ ಅಡ್ಮಿಟ್ ಆಗುವ ಅಥವಾ ತೀರಿಕೊಳ್ಳುವ ಅಪಾಯ ಜಾಸ್ತಿ. ಇದರಿಂದ ನನಗೆ ನಿಜವಾಗಿಯೂ ಉಪಕಾರವಾಗಿದೆ.

ಆದರೆ ಪೈವಳಿಕೆ ಕಡೆಯ ಒಬ್ಬರು ಅಜ್ಜಿಗೆ ಬಂದದ್ದು 8. ಹಾರ್ಟ್ ಫೇಲ್ಯೂರಿಗೆ 2, ಮೂರು ದಿನ ಮಲಗಿದ್ದಕ್ಕೆ 3, ತುರ್ತಾಗಿ ಬಂದದ್ದಕ್ಕೆ 3. ಎಮರ್ಜೆನ್ಸಿ ಭೇಟಿ ಸೊನ್ನೆ. ಹಾಗಾಗಿ ಪಟ್ಟಿಯ ಕೆಳಗೆ ಹೋದರು, ನನ್ನ ಫೋನೂ ತಡವಾಯಿತು. ದನಿಯಲ್ಲಿ ಏದುಸಿರು ಕೇಳಿ ಮನೆಗೇ ಹೋದೆ. ಕಾಲಿನ ಗಂಟಿನ ಹತ್ತಿರ ಹೆಬ್ಬೆರಳು ಒತ್ತಿದರೆ ಗುಳಿ ಹಾಗೇ ಉಳಿಯಿತು. ಹೃದಯ ಸೋತು ಮೈಯಲ್ಲಿ ನೀರು ನಿಂತಿತ್ತು. ಮಗ ಕಪಾಟಿನ ಮೇಲಿಂದ ಒಂದು ಪ್ಲಾಸ್ಟಿಕ್ ತೊಟ್ಟೆ ಇಳಿಸಿದರು. ಒಳಗೆ ಮಂಗಳೂರಿನ ಕ್ಯಾಶುವಾಲಿಟಿಯ ಮೂರು ಚೀಟಿ.

"ರಾತ್ರಿ ಉಸಿರು ಕಟ್ಟಿದರೆ ನಾವು ಓಡುವುದು ಮಂಗಳೂರಿಗೆ ಅಲ್ವಾ ಸಿಸ್ಟರ್?"

ಒಂದೊಂದು ಭೇಟಿಗೆ ಒಂದೊಂದು ಅಂಕ. ಅಂದರೆ 8 ಅಲ್ಲ, 11. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದದ್ದು ನಮ್ಮ ಕಂಪ್ಯೂಟರಿಗೆ ಗೊತ್ತೇ ಇರಲಿಲ್ಲ. ಅಮೆರಿಕದಲ್ಲೂ ಇಂಥದೇ ಒಂದು ತಪ್ಪು 2019ರಲ್ಲಿ ಬೆಳಕಿಗೆ ಬಂತು. ಅಲ್ಲಿನ ಒಂದು ಲೆಕ್ಕ ಕಾಯಿಲೆಯ ಬದಲು ಖರ್ಚನ್ನು ಅಳೆಯುತ್ತಿತ್ತು. ಕಪ್ಪು ಜನರ ಚಿಕಿತ್ಸೆಗೆ ಖರ್ಚಾಗುತ್ತಿದ್ದದ್ದೇ ಕಡಿಮೆ. ಹಾಗಾಗಿ ಅವರಿಗೆ ಕಾಯಿಲೆಯೂ ಕಡಿಮೆ ಅಂತ ಅದು ಹೇಳುತ್ತಿತ್ತು.

ಈಗ ಡಿಸ್ಚಾರ್ಜಿಗೆ ಮೊದಲೇ ನಾನು ತೊಟ್ಟೆ ತರಿಸಿ ನೋಡುತ್ತೇನೆ. ಆರು ತಿಂಗಳು ಅಂದರೆ ಯಾರಿಗೂ ಸರಿಯಾಗಿ ನೆನಪಾಗುವುದಿಲ್ಲ. "ಆಟಿಯಿಂದ (ಮಳೆಗಾಲದ ತುಳು ತಿಂಗಳು) ಈಚೆಗೆ ಮಂಗಳೂರಿಗೆ ಎಷ್ಟು ಸಲ ಹೋದಿರಿ?" ಅಂತ ತುಳುವಿನಲ್ಲೋ ಕನ್ನಡದಲ್ಲೋ ಮಲಯಾಳದಲ್ಲೋ ಕೇಳಿದರೆ ಥಟ್ಟನೆ ಹೇಳುತ್ತಾರೆ. ಅದನ್ನು ಕೈಯಿಂದಲೇ ಸೇರಿಸಿ ಸ್ಕೋರ್ ತಿದ್ದುತ್ತೇನೆ.

ಅಜ್ಜಿಗೆ ಗಂಜಿಯ ಜೊತೆ ಉಪ್ಪಿನಕಾಯಿ ಬೇಡ ಅಂದದ್ದು ಬೇಸರವಾಯಿತು. ಮನೆಯಲ್ಲಿ ತೂಕ ನೋಡುವ ಮೆಷಿನ್ ಇಲ್ಲ. ಹಾಗಾಗಿ ಕಾಲು ಊದಿ ಚಪ್ಪಲಿ ಬಿಗಿಯಾದರೆ ಫೋನ್ ಮಾಡಿಸಿ ಅಂದಿದ್ದೆ. ಮೊನ್ನೆ ಮಾಡಿಸಿದರು. ಮರುದಿನವೇ ಡಾಕ್ಟರ್ ನೋಡಿ ನೀರು ಹೋಗುವ ಮಾತ್ರೆ ಹೆಚ್ಚಿಸಿದರು. ಸಂಜೆ ಬಸ್ಸಿಗೆ ಅಜ್ಜಿ ಮನೆಗೆ ಹೋದರು.